ಐದು ಗುಂಡಿಗಳ ಕೋಣೆ

ತೇಪೆ ಅಕ್ಕ ನಮ್ಮ ಮನೆಗೆ ಬಂದರೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಅಂಗಿಯ ತೋಳನ್ನು. ಅಲ್ಲಿ ಒಂದು ಎಳೆ ಸಡಿಲಿದ್ದರೆ ಸಾಕು, "ಮೇಷ್ಟ್ರೇ, ಬಿಚ್ಚಿ ಕೊಡಿ" ಎಂದು ಕೈ ಚಾಚುತ್ತಾರೆ. ಕುಳಿತಲ್ಲೇ, ಮಾತಿನ ನಡುವೆಯೇ, ಅದನ್ನು ಸರಿಮಾಡಿ ಕೊಡುತ್ತಾರೆ. ಅವರು ಹಾಕಿದ ತೇಪೆಯನ್ನು ಬೆಳಕಿಗೆ ಹಿಡಿದರೂ ಹುಡುಕಬೇಕಾಗುತ್ತದೆ. ಕುಳ್ಳಗಿನ ಗಟ್ಟಿ ಹೆಂಗಸು. ಕಾಲರಿನ ಅಂಚಿನಲ್ಲಿ ಸದಾ ನಾಲ್ಕೈದು ಗುಂಡುಪಿನ್ನು. ತಮಗೆ ಒಪ್ಪಿಗೆಯಾಗದ ಮಾತನ್ನು ಯಾರಾದರೂ ಆಡಿದರೆ ದಾರದ ತುದಿಯನ್ನು ತುಟಿಗಳ ನಡುವೆ ಕಚ್ಚಿಕೊಂಡುಬಿಡುತ್ತಾರೆ. ಬಾಯಲ್ಲಿ ದಾರವಿರುವವರಿಂದ ಉತ್ತರ ಬಯಸುವುದು ಸಭ್ಯತೆಯಲ್ಲವಷ್ಟೆ.

ನಮ್ಮ ಬೀದಿಯ ಕೊನೆಯಲ್ಲಿ, ಆಸ್ಪತ್ರೆ, ಹಾಸ್ಟೆಲು, ವಸತಿಗೃಹಗಳ ಚಾದರಗಳನ್ನು ಒಗೆದು ಕೊಡುವ ಸಹಕಾರಿ ಲಾಂಡ್ರಿಯೊಂದಿದೆ. ಎರಡು ಅಂತಸ್ತಿನ ಹಳೆಯ ಕಟ್ಟಡ. ಅಲ್ಲಿ ಕೆಲಸ ಮಾಡುವವರೇ ಅದರ ಒಡೆಯರು. ಅಕ್ಕ ಅಲ್ಲಿಯ ಹೊಲಿಗೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ಹೋದ ವರ್ಷ ಬಿಡುವು ಪಡೆದರು. ಅವರ ಮಗ ನನ್ನ ಕೈಯಲ್ಲಿ ಕಲಿತವನು, ಅದೇ ಲಾಂಡ್ರಿಯ ವ್ಯಾನು ಓಡಿಸುತ್ತಾನೆ. ಸೊಸೆ ಅಲ್ಲಿಯೇ ಇಸ್ತ್ರಿ ಕೋಣೆಯಲ್ಲಿದ್ದಾಳೆ. ಒಂದೇ ಮನೆಯಿಂದ ಮೂವರು ಒಂದೇ ಬಾಗಿಲಿನಲ್ಲಿ ಒಳಗೆ ಹೋಗಿ ಮೂರು ದಿಕ್ಕಿಗೆ ಚೆದುರುತ್ತಿದ್ದರು.

ನಾನು ಆ ಲಾಂಡ್ರಿಯ ಒಳಗನ್ನು ಬಲ್ಲೆನೆಂದರೆ ಅದಕ್ಕೆ ಕಾರಣ ಗುಂಡಿಗಳು. ಮೂರು ವರ್ಷಕ್ಕೊಮ್ಮೆ ಅವರು ತಮ್ಮ ಅಧ್ಯಕ್ಷರನ್ನು ಆರಿಸುತ್ತಾರೆ. ಕೋಣೆಗೊಂದರಂತೆ ಮುಚ್ಚಳದಲ್ಲಿ ಸೀಳು ಮಾಡಿದ ಡಬ್ಬಿ. ಒಬ್ಬ ಅಭ್ಯರ್ಥಿಗೆ ಬಿಳಿ ಗುಂಡಿ, ಇನ್ನೊಬ್ಬರಿಗೆ ಕರಿ ಗುಂಡಿ. ಹಳೆಯ ಅಂಗಿಗಳಿಂದ ಕಿತ್ತ ಗುಂಡಿಗಳಿಗೆ ಹೊಲಿಗೆ ಕೋಣೆಯಲ್ಲಿ ಬರವೇ ಇರಲಿಲ್ಲ. ಎಣಿಸಲು ಹೊರಗಿನವರೊಬ್ಬರು ಬೇಕೆಂದು ನನ್ನನ್ನು ಕರೆಯುತ್ತಿದ್ದರು. ಪರೀಕ್ಷೆಯ ಅಂಕ ಕೂಡಿ ಕೂಡಿ ಸವೆದ ಬೆರಳುಗಳಿಗೆ ಅದೇನು ಹೊಸದಲ್ಲ.

ಅವರ ನಿಯಮ ಹೀಗಿತ್ತು. ಒಂದು ಕೋಣೆಯಲ್ಲಿ ಯಾವ ಬಣ್ಣದ ಗುಂಡಿ ಹೆಚ್ಚೋ ಆ ಕೋಣೆಯ ತೀರ್ಮಾನ ಅದೇ. ಆ ತೀರ್ಮಾನವನ್ನು ಕೋಣೆಯ ಹಿರಿಯರೊಬ್ಬರು ಒಂದು ದೊಡ್ಡ ಕೋಟಿನ ಗುಂಡಿಯ ರೂಪದಲ್ಲಿ ಸಭೆಗೆ ಒಯ್ದು ಮೇಜಿನ ಮೇಲಿಡಬೇಕು. ಹಾಗೆ ಒಯ್ಯುವವರಿಗೆ 'ಕೋಣೆಯ ಬಾಯಿ' ಎಂದು ಹೆಸರು. ಐದು ಕೋಣೆ, ಐದು ದೊಡ್ಡ ಗುಂಡಿ. ಮೂರು ಪಡೆದವರು ಅಧ್ಯಕ್ಷರು. ಲಾಂಡ್ರಿ ಆರಂಭವಾದಾಗ ಇದ್ದವರು ಇಪ್ಪತ್ತೇ ಜನ, ಕೋಣೆಗೆ ನಾಲ್ವರಂತೆ. ಆಗ ಯಾವ ಪದ್ಧತಿಯಾದರೂ ಒಂದೇ. ಆಮೇಲೆ ಲಾಂಡ್ರಿ ಬೆಳೆಯಿತು, ಕೋಣೆಗಳು ಒಂದೇ ಸಮನೆ ಬೆಳೆಯಲಿಲ್ಲ. ಇಸ್ತ್ರಿಯವರು ಅರವತ್ತಾದರು, ಒಗೆಯುವವರು ನಲವತ್ತನಾಲ್ಕು, ಮಡಿಸುವವರು ಇಪ್ಪತ್ತೆರಡು, ವ್ಯಾನಿನವರು ಒಂಬತ್ತು. ಹೊಲಿಗೆ ಕೋಣೆಯಲ್ಲಿ ಮಾತ್ರ ಐದೇ ಜನ, ಅವರ ಬಾಯಿ ತೇಪೆ ಅಕ್ಕ. ದೊಡ್ಡ ಗುಂಡಿ ಎಲ್ಲರಿಗೂ ಒಂದೊಂದೇ ಉಳಿಯಿತು.

ಒಂಬತ್ತು ವರ್ಷಗಳ ಹಿಂದಿನ ಚುನಾವಣೆಯಲ್ಲಿ ಹಳೆಯ ಅಧ್ಯಕ್ಷರ ಎದುರಿಗೆ ಇಸ್ತ್ರಿ ಕೋಣೆಯ ಒಬ್ಬ ಹೆಂಗಸು ನಿಂತರು. ಅಧ್ಯಕ್ಷರು ಮಡಿಸುವ ಕೋಣೆಯವರು, ಮಾತನ್ನೂ ನಾಲ್ಕು ಮಡಿಕೆ ಮಾಡಿ ಆಡುವ ಅಚ್ಚುಕಟ್ಟಿನ ಮನುಷ್ಯ. ಆಕೆಯನ್ನು ಎಲ್ಲರೂ ಕನ್ನಡಕದಾಕೆ ಎನ್ನುತ್ತಿದ್ದರು. ಹಬೆಗೆ ಮಸುಕಾಗುವ ಕನ್ನಡಕವನ್ನು ಒರೆಸಿಕೊಳ್ಳುತ್ತಲೇ ಮಾತಾಡುವುದು ಆಕೆಯ ಅಭ್ಯಾಸ. ನಾನು ಕೋಣೆಯಿಂದ ಕೋಣೆಗೆ ಹೋಗಿ ಎಣಿಸಿದೆ. ಇಸ್ತ್ರಿ, ಒಗೆತ ಎರಡೂ ಕನ್ನಡಕದಾಕೆಯ ಕಡೆ. ಮಡಿಸುವವರು, ವ್ಯಾನಿನವರು, ಹೊಲಿಗೆಯವರು ಅಧ್ಯಕ್ಷರ ಕಡೆ. ಮೂರಕ್ಕೆ ಎರಡು, ಹಳೆಯವರೇ ಮತ್ತೆ ಗೆದ್ದರು. ಚಪ್ಪಾಳೆಯೂ ಆಯಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮರುದಿನ ಭಾನುವಾರ ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸೊಸೆ ಕೇಳಿದಳು.

"ಮೇಷ್ಟ್ರೇ, ಎಲ್ಲಾ ಡಬ್ಬಿಗಳ ಗುಂಡಿ ಒಟ್ಟಿಗೆ ಸುರಿದಿದ್ರೆ ಎಷ್ಟೆಷ್ಟು ಆಗ್ತಿತ್ತು?"

ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಚೀಟಿ ನನ್ನ ಜೇಬಿನಲ್ಲಿಯೇ ಇತ್ತು. ಕೂಡಿ ಹೇಳಿದೆ. ಕನ್ನಡಕದಾಕೆಗೆ ತೊಂಬತ್ತೇಳು, ಅಧ್ಯಕ್ಷರಿಗೆ ನಲವತ್ತಮೂರು.

ಸೊಸೆ ಲೋಟ ಕೆಳಗಿಟ್ಟಳು. "ಕೇಳಿದ್ರಾ ಅತ್ತೆ? ತೊಂಬತ್ತೇಳು ಸೋತಿದೆ, ನಲವತ್ತಮೂರು ಗೆದ್ದಿದೆ."

"ನಿಯಮ ಇರೋದೇ ಹಾಗಲ್ಲವೇನೇ," ಎಂದರು ಅಕ್ಕ.

"ನಿಮ್ಮ ಕೋಣೆಯ ಒಬ್ಬೊಬ್ರು ನಮ್ಮ ಕೋಣೆಯ ಹನ್ನೆರಡು ಜನಕ್ಕೆ ಸಮ. ಲೆಕ್ಕ ಹಾಕಿದೀನಿ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ."

"ಮತ್ತೆ ನಾನು ಎಷ್ಟು ಜನಕ್ಕೆ ಸಮ?" ಎಂದ ಮಗ.

"ನೀವು ಆರೂ ಮುಕ್ಕಾಲು."

"ಆರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ," ಎಂದೆ ನಾನು. ಹೇಳದೆ ಇರಲಾಗಲಿಲ್ಲ.

"ನೋಡಮ್ಮ, ಈ ಮನೆಯಲ್ಲಿ ನನ್ನ ಸ್ಥಾನ ಮೇಷ್ಟ್ರೇ ಹೇಳಿದ್ರು. ನಿನಗಿಂತ ಕಡಿಮೆ, ಅವಳಿಗಿಂತ ಹೆಚ್ಚು," ಎಂದು ಮಗ ನಕ್ಕ.

"ನೀನು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಡೋನೇ. ಸುಮ್ಮನೆ ಚಹಾ ಕುಡಿ," ಎಂದ ಅಕ್ಕ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಮಕ್ಕಳಿಗೆ ಪಾಠ ಹೇಳಿದೋರು. ಯಾವುದು ಸರಿ?" ಎಂದು ಕೇಳಿದರು.

ಪಾಠ ಹೇಳಿದ್ದು ನಿಜ. ದೊಡ್ಡ ದೇಶಗಳಲ್ಲಿಯೂ ಅಧ್ಯಕ್ಷರನ್ನು ಜನರ ಒಟ್ಟು ಎಣಿಕೆಯಿಂದ ಆರಿಸದೆ, ಪ್ರಾಂತಗಳು ಕಳಿಸುವ ಮತದಾರರಿಂದ ಆರಿಸುವುದುಂಟು ಎಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆ. ಚಿಕ್ಕ ಪ್ರಾಂತಗಳ ದನಿ ಅಡಗದಿರಲೆಂದು ಹಾಗೆ ಎಂದು ಒಂದು ಗುಂಪಿನಿಂದ ವಾದ ಮಾಡಿಸುತ್ತಿದ್ದೆ, ತಲೆಗೊಂದು ಮತವೇ ನ್ಯಾಯ ಎಂದು ಇನ್ನೊಂದು ಗುಂಪಿನಿಂದ. ಗಂಟೆ ಹೊಡೆದ ಕೂಡಲೇ ಎರಡು ಗುಂಪೂ ಆಟಕ್ಕೆ ಓಡುತ್ತಿದ್ದವು. ಅತ್ತೆ ಸೊಸೆಯರ ನಡುವೆ ಕುಳಿತಾಗ ಗಂಟೆ ಹೊಡೆಯುವವರು ಯಾರೂ ಇರಲಿಲ್ಲ. "ಎರಡು ಕಡೆಯೂ ಮಾತಿದೆ" ಎಂದು ತಪ್ಪಿಸಿಕೊಂಡೆ. ಅಕ್ಕ ದಾರದ ತುದಿಯನ್ನು ತುಟಿಗೆ ಸೇರಿಸಿದರು.

ಅಕ್ಕನ ಕೋಣೆಗೆ ಆ ಒಂದು ಗುಂಡಿ ಏನನ್ನು ತಂದುಕೊಟ್ಟಿತ್ತೆಂಬುದನ್ನು ಇಲ್ಲಿ ಹೇಳಬೇಕು. ಅದಕ್ಕೂ ಹನ್ನೆರಡು ವರ್ಷ ಮೊದಲು ಹೊಲಿಗೆ ಕೋಣೆ ಇದ್ದುದು ನೆಲಮಟ್ಟದಲ್ಲಿ, ಬಾಯ್ಲರಿನ ಬೆನ್ನಿಗೆ. ಕಿಟಕಿಯೇ ಇಲ್ಲ, ಒಂದು ಬಲ್ಬು. ಬಿಳಿ ಚಾದರದ ಮೇಲೆ ಬಿಳಿ ದಾರದ ಕೆಲಸ. ಕಣ್ಣು ನೋಯುತ್ತದೆಂದು ಐವರೂ ವರ್ಷಗಟ್ಟಲೆ ಹೇಳಿದರು, ಕೇಳುವವರು ಯಾರು? ಐದು ಜನರ ಕಣ್ಣು ಯಾರ ಲೆಕ್ಕಕ್ಕೂ ಬರಲಿಲ್ಲ. ಒಂದು ಚುನಾವಣೆಯಲ್ಲಿ ಮಾತ್ರ ಇಬ್ಬರಿಗೂ ಎರಡೆರಡು ಕೋಣೆ ಖಚಿತವಾಗಿ, ಐದನೆಯದರ ಮೇಲೆ ಎಲ್ಲವೂ ನಿಂತಿತು. ಆಗ ಅಭ್ಯರ್ಥಿಗಳಿಬ್ಬರೂ ಆ ಕತ್ತಲೆಗೆ ಇಳಿದು ಬಂದರು. ಅಕ್ಕ ಬೇಡಿಕೆಯ ಪಟ್ಟಿ ಕೊಡಲಿಲ್ಲ. ಇಬ್ಬರ ಕೈಗೂ ಒಂದೊಂದು ಸೂಜಿ, ದಾರ ಕೊಟ್ಟು, "ಪೋಣಿಸಿ" ಎಂದರು. ಮೊದಲನೆಯವರು ಕಾಲು ಗಂಟೆ ಹೆಣಗಿ ಸಿಟ್ಟಾಗಿ ಹೊರಟುಹೋದರು. ಎರಡನೆಯವರು ಬೆರಳು ಚುಚ್ಚಿಕೊಂಡು, ನಕ್ಕು, "ಅಕ್ಕ, ಗೆದ್ದರೆ ನಿಮ್ಮನ್ನ ಮೇಲಿನ ಅಂತಸ್ತಿಗೆ ಕಳಿಸ್ತೀನಿ" ಎಂದರು. ಗೆದ್ದರು, ಕಳಿಸಿದರು. ಅವರೇ ಈ ಹಳೆಯ ಅಧ್ಯಕ್ಷರು.

ಮೇಲಿನ ಕೋಣೆಗೆ ಗೋಡೆಯುದ್ದಕ್ಕೂ ಕಿಟಕಿಗಳು, ಒಟ್ಟು ಆರು. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಹಾಲಿನಂಥ ಬೆಳಕು. ಅಲ್ಲಿಗೆ ಬಂದ ಮೇಲೆಯೇ ಅಕ್ಕನ ತೇಪೆ ಕಣ್ಣಿಗೆ ಕಾಣದಷ್ಟು ನುಣುಪಾದದ್ದು. ಬಲಗಣ್ಣು ಆಗಲೇ ಸೋತಿತ್ತು. ಮತ್ತೆ ಕತ್ತಲೆಗೆ ಇಳಿದರೆ ಸೂಜಿ ಕೆಳಗಿಟ್ಟು, ಒಗೆಯುವ ಬಟ್ಟೆ ವಿಂಗಡಿಸುವ ಕೆಲಸಕ್ಕೆ ಹೋಗಬೇಕೆಂದು ಕಣ್ಣಿನ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

ತೊಂಬತ್ತೇಳು ಎಂಬ ಮಾತು ಎರಡೇ ದಿನದಲ್ಲಿ ಲಾಂಡ್ರಿಯೆಲ್ಲ ಹರಡಿತು. ಕೂಡಿಸಿ ಹೇಳಿದವನು ನಾನು, ಹಬ್ಬಿಸಿದವಳು ಸೊಸೆ. ಇನ್ನು ಮುಂದೆ ನೂರನಲವತ್ತು ಜನರೂ ಒಂದೇ ಡಬ್ಬಿಗೆ ಗುಂಡಿ ಹಾಕಬೇಕು, ಹೆಚ್ಚು ಗುಂಡಿ ಬಂದವರು ಅಧ್ಯಕ್ಷರಾಗಬೇಕು ಎಂದು ಕನ್ನಡಕದಾಕೆ ಮನವಿ ಕೊಟ್ಟರು. ಇಸ್ತ್ರಿ ಕೋಣೆಯವರ ಮನಸ್ಸಿನಲ್ಲಿದ್ದುದು ಗುಟ್ಟೇನಲ್ಲ. ನೆಲಮಟ್ಟದ ಅವರ ಕೋಣೆಗೆ ಗಾಳಿಯಿಲ್ಲ, ಹಬೆ ಹೊರಗೆ ಹೋಗುವುದಿಲ್ಲ. ಮೇಲಿನ ಅಂತಸ್ತು ತಮಗೆ ಬೇಕು. ಮಡಿಸುವವರು ಕೆಳಗೆ ಬರಲು ಸಿದ್ಧರಿದ್ದರು, ಕಟ್ಟು ಹೊತ್ತು ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತದೆಂದು. ಇನ್ನು ಹೊಲಿಗೆಯ ಐವರು ಹಳೆಯ ಬಾಯ್ಲರಿನ ಬೆನ್ನಿಗೆ.

ಆದರೆ ಸ್ಥಾಪಕರು ಒಂದು ಗಂಟು ಹಾಕಿ ಹೋಗಿದ್ದರು. ಚುನಾವಣೆಯ ನಿಯಮ ಬದಲಾಗಬೇಕಾದರೆ ಐದೂ ಕೋಣೆಗಳು ಒಪ್ಪಬೇಕು. ಒಪ್ಪುವವರು ಬಿಳಿ ಗುಂಡಿ ಹಾಕಬೇಕು, ಒಪ್ಪದವರು ಕರಿ. ಮೊದಲ ವಾರದಲ್ಲಿಯೇ ನಾಲ್ಕು ಕೋಣೆಗಳು ಒಪ್ಪಿದವು. ವ್ಯಾನಿನವರಲ್ಲಿ ಒಪ್ಪಿದವರು ಐವರು, ಒಪ್ಪದವರು ನಾಲ್ವರು. ಉಳಿದದ್ದು ಒಂದೇ ಕೋಣೆ. ತಮ್ಮ ಭಾರವನ್ನು ತಾವೇ ಇಳಿಸಿಕೊಳ್ಳುತ್ತೀರಾ ಎಂದು ಐದು ಜನರನ್ನು ಕೇಳುವುದು ಬಾಕಿಯಿತ್ತು.

ಮನೆಯಲ್ಲಿ ಆ ವಾರ ಮಾತು ಕಡಿಮೆ, ಪಾತ್ರೆಗಳ ಸದ್ದು ಹೆಚ್ಚು.

"ಅತ್ತೆ, ಉಪ್ಪು ಸಾಕಾ?" ಎಂದು ಸೊಸೆ ಕೇಳಿದರೆ, "ನನ್ನೊಬ್ಬಳ ನಾಲಿಗೆ ಹನ್ನೆರಡು ಜನಕ್ಕೆ ಸಮ. ಹೇಳಿದ್ರೆ ಅನ್ಯಾಯವಾದೀತು," ಎಂದು ಅಕ್ಕ ಉತ್ತರಿಸುತ್ತಿದ್ದರಂತೆ. ಮಗ ತಟ್ಟೆ ಹಿಡಿದು ಬಾಲ್ಕನಿಗೆ ಹೋಗಿ ಊಟ ಮಾಡುತ್ತಿದ್ದ.

ಹೊಲಿಗೆ ಕೋಣೆಯ ಮತದಾನಕ್ಕೆ ಎರಡು ದಿನವಿದ್ದಾಗ ಹಳೆಯ ಅಧ್ಯಕ್ಷರು ಫಲಕದ ಮೇಲೆ ಒಂದು ಪ್ರಕಟಣೆ ಅಂಟಿಸಿದರು. ಇಸ್ತ್ರಿ ಕೋಣೆಯ ಶಾಖದ ದೂರಿಗೆ ಆಧಾರವಿಲ್ಲ, ಶಾಖದಿಂದ ಕೈ ತಪ್ಪುವುದಾದರೆ ಸುಟ್ಟ ಚಾದರಗಳು ಹೆಚ್ಚಬೇಕಿತ್ತು, ಅರವತ್ತು ಜನರ ಕೋಣೆಯಿಂದ ತಿಂಗಳಿಗೆ ಬಂದಿರುವುದು ನಾಲ್ಕೇ ನಾಲ್ಕು ಎಂದು ಬರೆದಿದ್ದರು. ಅವರು ಸುಳ್ಳು ಬರೆದವರಲ್ಲ. ಹೊಲಿಗೆ ಕೋಣೆಯ ಗೋಡೆಯ ಹಲಗೆಯ ಮೇಲಿದ್ದ ಗೀಟುಗಳನ್ನು ಎಣಿಸಿಯೇ ಬರೆದಿದ್ದರು.

ಅಕ್ಕ ಆ ಪ್ರಕಟಣೆಯನ್ನು ಎರಡು ಸಲ ಓದಿ, ಏಪ್ರನ್ನಿನ ಜೇಬು ಮುಟ್ಟಿಕೊಂಡರು.

ಇಸ್ತ್ರಿ ಮಾಡುವವರು ತಮ್ಮ ಚಾದರಗಳ ಕಟ್ಟಿಗೆ ಬಣ್ಣದ ದಾರ ಕಟ್ಟುವ ಪದ್ಧತಿ ಅಲ್ಲಿ ಉಂಟು. ಅರವತ್ತು ಜನಕ್ಕೆ ಅರವತ್ತು ಬಣ್ಣ ಎಲ್ಲಿಂದ ಬರಬೇಕು? ಎರಡೆರಡು ಬಣ್ಣದ ಎಳೆ ಸೇರಿಸಿ ಹೊಸೆದುಕೊಳ್ಳುತ್ತಾರೆ. ಚಾದರ ಸುಟ್ಟರೆ ಅದೇ ದಾರ ಕಟ್ಟಿ ಹೊಲಿಗೆ ಕೋಣೆಗೆ ಕಳಿಸಬೇಕು. ಅಲ್ಲಿ ಒಂದು ಚಾದರಕ್ಕೆ ಹಲಗೆಯ ಮೇಲೆ ಒಂದು ಗೀಟು. ಸೊಸೆಯ ದಾರ ಹಳದಿ ಹಸಿರು. ಎರಡು ವರ್ಷದಿಂದ ಹಳದಿ ಹಸಿರಿನ ಚಾದರ ಬಂದಾಗಲೆಲ್ಲ ಅಕ್ಕ ದಾರವನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ಇಳಿಸಿ, ಗೀಟು ಎಳೆಯದೆ, ಯಾರ ಕಣ್ಣಿಗೂ ಬೀಳದಂತೆ ತಾವೇ ಮೊದಲು ತೇಪೆ ಹಾಕಿ ಕಳಿಸಿಬಿಡುತ್ತಿದ್ದರು. ಸೊಸೆ ಕೆಲಸಗೇಡಿ ಎಂದು ನಾಲ್ಕು ಜನ ಆಡಿಕೊಳ್ಳಬಾರದು, ಮನೆಯ ಮರ್ಯಾದೆ ಉಳಿಯಬೇಕು. ಮನೆಯಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ಹಾಗೆ ಜೇಬಿಗಿಳಿದ ದಾರಗಳೇ ಏಳು.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಹೊಲಿಯಬೇಕಾದ ಒಂದು ರಾಶಿ ಏಪ್ರನ್ನುಗಳನ್ನು ಹೊತ್ತು ಕೆಳಗಿಳಿದರು. ಇಸ್ತ್ರಿ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿ ಕುಳಿತರು. ಇಪ್ಪತ್ತಮೂರು ವರ್ಷ ಅದೇ ಕಟ್ಟಡದಲ್ಲಿ ದುಡಿದವರು ಆ ಕೋಣೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತದ್ದೇ ಇರಲಿಲ್ಲ. ಮೂರು ಏಪ್ರನ್ನು ಮುಗಿಸುವಷ್ಟರಲ್ಲಿ ಬೆವರಿಗೆ ಸೂಜಿ ಬೆರಳಿನಲ್ಲಿ ನಿಲ್ಲದಾಯಿತು. ಸೊಸೆಯ ಮೇಜು ಕೊಟ್ಟಕೊನೆಯದು, ಹಬೆಯ ಕೊಳವೆಗೆ ತಾಗಿಕೊಂಡದ್ದು. ಅಕ್ಕ ನೋಡುತ್ತಿದ್ದಂತೆಯೇ ಅವಳು ಒಂದು ಕೈಯಿಂದ ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿದಳು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಹಾಗೆಯೇ ನಿಂತಿತು. ಮೂರು ಎಣಿಸುವಷ್ಟು ಹೊತ್ತು, ಅಷ್ಟೇ. ಕಮರು ವಾಸನೆ ಬಂತು. ಅವಳು ಬೆಚ್ಚಿ ಪೆಟ್ಟಿಗೆ ಎತ್ತಿದಾಗ ಎದುರಿಗೆ ಅತ್ತೆ.

"ಎಷ್ಟು ದಿನದಿಂದ ಹೀಗೆ?"

"ದಿನಾ ಇಲ್ಲ ಅತ್ತೆ. ಊಟ ಆದ ಮೇಲೆ ಒಂದೊಂದ್ಸಲ ಕಣ್ಣಿಗೆ ಕತ್ತಲೆ ಬರುತ್ತೆ."

"ಈ ಮೇಜೇ ಯಾಕೆ ಹಿಡ್ಕೊಂಡೆ?"

"ಪಕ್ಕದ ಇಬ್ಬರಿಗೂ ವಯಸ್ಸಾಗಿದೆ. ಇಲ್ಲಿ ಯಾರಾದ್ರೂ ನಿಲ್ಲಲೇಬೇಕಲ್ಲ."

"ಮನೇಲಿ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಕಿಟಕಿ ಕೇಳ್ತಿದ್ದೀನಿ ಅಂತ ಆಗುತ್ತೆ," ಎಂದಳು ಸೊಸೆ, ಕಂದಿದ ಚಾದರವನ್ನು ಮಡಿಸುತ್ತ. "ಸುಟ್ಟದ್ದೆಲ್ಲಾ ನಿಮ್ಮ ಕೋಣೆಗೇ ಬರುತ್ತಲ್ಲ. ನಿಮಗೆ ಗೊತ್ತೇ ಇದೆ ಅಂದ್ಕೊಂಡಿದ್ದೆ."

ಈ ಕೊನೆಯ ಮಾತನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರಂತೆ.

ಮತದಾನದ ದಿನ ನಾನು ಡಬ್ಬಿ ಹಿಡಿದು ಮೇಲಿನ ಕೋಣೆಗೆ ಹೋದಾಗ ಐವರೂ ಕಿಟಕಿಯ ಬಳಿ ತಮ್ಮ ತಮ್ಮ ಜಾಗದಲ್ಲಿದ್ದರು. ಅಕ್ಕ, ಒಡಹುಟ್ಟಿದ ಅಕ್ಕತಂಗಿಯರಿಬ್ಬರು, ಕೆಲಸಕ್ಕೆ ಸೇರಿ ವರ್ಷವಾಗಿದ್ದರೂ ಹೊಸಬಳು ಎಂದೇ ಕರೆಸಿಕೊಳ್ಳುತ್ತಿದ್ದ ಒಬ್ಬಾಕೆ, ಮತ್ತು ಯಂತ್ರದ ಮೇಲೆ ಹೊಲಿಯುವ ವಯಸ್ಸಾದ ದರ್ಜಿ. ದರ್ಜಿಯವರನ್ನು ಎಲ್ಲರೂ ತಾತ ಎನ್ನುತ್ತಿದ್ದರು.

"ಗುಂಡಿ ಹಾಕೋಕೆ ಮೊದಲು ನಂದೊಂದು ಮಾತಿದೆ," ಎಂದ ಅಕ್ಕ ಏಪ್ರನ್ನಿನ ಜೇಬಿಗೆ ಕೈಹಾಕಿ ಹಳದಿ ಹಸಿರು ದಾರಗಳ ಒಂದು ಉಂಡೆ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ಚಾದರ ಹಲಗೆ ಮೇಲೆ ಬರಲಿಲ್ಲ. ನಾನೇ ಮುಚ್ಚಿಟ್ಟೆ. ಕೆಳಗೆ ನಾಲ್ಕೇ ಸುಟ್ಟಿದೆ ಅಂತ ಅಧ್ಯಕ್ಷರು ಬರೆದ್ರಲ್ಲ, ಆ ಬರಹಕ್ಕೆ ನಾನೇ ಶಾಯಿ ಕೊಟ್ಟ ಹಾಗಾಯ್ತು."

ತಾತ ಯಂತ್ರದ ಕೆಳಗಿನ ಖಾನೆಯನ್ನು ಎಳೆದು ಕೆಂಪು ನೀಲಿ ದಾರಗಳನ್ನು ಒಂದು ಹಿಡಿಯಷ್ಟು ತೆಗೆದು ಪಕ್ಕದಲ್ಲಿಟ್ಟರು.

"ನನ್ನ ತಂಗಿ ಮಗಳದ್ದು. ಮೂರು ವರ್ಷದ್ದು," ಎಂದರು.

"ತಾತ, ನೀವೂನಾ?" ಎಂದು ಅಕ್ಕತಂಗಿಯರಲ್ಲಿ ದೊಡ್ಡವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತನ್ನ ಪಿನ್ನಿನ ದಿಂಬಿನ ಹೊಲಿಗೆ ಬಿಚ್ಚಿದಳು. ಹತ್ತಿಯ ಬದಲು ಅದರೊಳಗೆ ತುಂಬಿದ್ದುದು ನೇರಳೆ ಬಿಳಿ ದಾರ. ಕೆಳಗೆ ಅವರ ಅಮ್ಮ ಕೆಲಸ ಮಾಡುತ್ತಿದ್ದರು. ತಂಗಿಗೆ ದೊಡ್ಡವಳದು ಗೊತ್ತಿರಲಿಲ್ಲ, ದೊಡ್ಡವಳಿಗೆ ತಂಗಿಯದು. ತಂಗಿಯ ದಾರ ಕತ್ತರಿಯ ಚೀಲದಲ್ಲಿತ್ತು. ಕೊನೆಗೆ ಎಲ್ಲರೂ ಹೊಸಬಳ ಕಡೆ ನೋಡಿದರು.

"ನನಗೆ ಕೆಳಗೆ ನೆಂಟರು ಯಾರೂ ಇಲ್ಲ," ಎಂದಳು ಅವಳು. "ಆದ್ರೆ ಬಂದ ಹೊಸತರಲ್ಲಿ ಕನ್ನಡಕದವರು ನನಗೆ ಊಟದಲ್ಲಿ ಪಾಲು ಕೊಟ್ಟಿದ್ರು. ಅವರ ಎರಡು ಚಾದರ ಮುಚ್ಚಿಟ್ಟಿದೀನಿ."

ತಾತ ನಗಲು ಶುರುಮಾಡಿದರು. ಅವರ ನಗು ಕೆಮ್ಮಿಗೆ ತಿರುಗಿತು, ಅಕ್ಕತಂಗಿಯರು ಬೆನ್ನು ತಟ್ಟಬೇಕಾಯಿತು. ದಾರಗಳ ಎಣಿಕೆಯನ್ನೂ ನನ್ನಿಂದಲೇ ಮಾಡಿಸಿದರು. ಹಿಂದಿನ ಒಂದು ತಿಂಗಳಿನವು ಎಂದು ಅವರು ಬೇರ್ಪಡಿಸಿ ಕೊಟ್ಟವೇ ಇಪ್ಪತ್ತಾರು. ಹಲಗೆಯ ಮೇಲಿನ ನಾಲ್ಕನ್ನು ಸೇರಿಸಿದರೆ ಮೂವತ್ತು.

"ಇದನ್ನ ಹಲಗೆ ಮೇಲೆ ಬರೀತೀನಿ. ಅದು ಆಗಲೇಬೇಕು," ಎಂದರು ಅಕ್ಕ. "ಗುಂಡಿ ವಿಷಯ ನಿಮ್ಮ ನಿಮ್ಮ ಇಷ್ಟ. ನಾನು ಬಿಳಿ ಹಾಕ್ತೀನಿ. ನಮಗೆ ಕಿಟಕಿ ಸಿಕ್ಕಿದ್ದು ಸರಿ. ಆದ್ರೆ ನಮ್ಮ ಕಷ್ಟ ನೋಡೋಕೆ ಎಲ್ಲರೂ ಮೇಲೆ ಬರ್ತಾರೆ, ಅವರ ಕಷ್ಟ ನೋಡೋಕೆ ಯಾರೂ ಕೆಳಗೆ ಹೋಗ್ಲಿಲ್ಲ. ಯಾಕೆ ಹೋಗ್ತಾರೆ? ಅಲ್ಲಿ ಇನ್ನಿಪ್ಪತ್ತು ಗುಂಡಿ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ, ದೊಡ್ಡ ಗುಂಡಿ ಒಂದೇ."

"ಕಣ್ಣು?" ಎಂದರು ತಾತ.

"ಹೋದ್ರೆ ಬಟ್ಟೆ ವಿಂಗಡಿಸ್ತೀನಿ. ಬಿಳಿ ಯಾವುದು ಬಣ್ಣದ್ದು ಯಾವುದು ಅನ್ನೋದು ಇನ್ನೂ ಕಾಣುತ್ತೆ."

ಹಾಗೆ ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಕಿಟಕಿಯ ಚೌಕಟ್ಟಿನ ಮೇಲಿತ್ತು.

ಡಬ್ಬಿ ತೆರೆದೆ. ನಾಲ್ಕು ಬಿಳಿ, ಒಂದು ಕರಿ.

"ಕರಿಯದು ನಂದು," ಎಂದರು ತಾತ, ಯಾರೂ ಕೇಳದಿದ್ದರೂ. "ದಾರದ ಮಾತು ಬೇರೆ, ಕಿಟಕಿ ಮಾತು ಬೇರೆ. ಅರವತ್ತು ಜನ ಸೇರಿದ್ರೆ ಐದು ಜನರನ್ನ ಮರೀತಾರೆ. ಕೆಟ್ಟೋರು ಅಂತಲ್ಲ, ಜನ ಜಾಸ್ತಿ ಆದ್ರೆ ಮರೆವೂ ಜಾಸ್ತಿ."

ಅದಕ್ಕೆ ಅಕ್ಕ ದಾರ ಕಚ್ಚಿಕೊಳ್ಳಲಿಲ್ಲ. "ಮರೀಬಹುದು ತಾತ," ಎಂದು ಒಪ್ಪಿಕೊಂಡೇ ದೊಡ್ಡ ಬಿಳಿ ಗುಂಡಿಯನ್ನು ಹಿಡಿದು ಸಭೆಗೆ ಇಳಿದರು.

ಹೊಸ ನಿಯಮದಂತೆ ಎರಡು ತಿಂಗಳಲ್ಲಿ ಮತ್ತೆ ಚುನಾವಣೆಯಾಯಿತು. ನೂರನಲವತ್ತು ಗುಂಡಿಗಳು ಒಂದೇ ದೊಡ್ಡ ಡಬ್ಬಿಯಲ್ಲಿ ಬಿದ್ದವು. ಕನ್ನಡಕದಾಕೆಗೆ ನೂರೊಂದು. ಹಳೆಯ ಅಧ್ಯಕ್ಷರು ತಮ್ಮ ಮೇಜಿನ ಮೇಲಿದ್ದುದನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿಕೊಂಡು ಮಡಿಸುವ ಕೋಣೆಗೆ ಮರಳಿದರು. ಮರಳುವಾಗ ಅಕ್ಕನ ಬಳಿ ನಿಂತು, "ನೀವು ಕೈ ಕೊಟ್ರಿ ಅಂತ ನಾನು ಹೇಳೋದಿಲ್ಲ ಅಕ್ಕ. ಆದ್ರೆ ಆ ದಾರಗಳನ್ನ ಮೊದಲೇ ತೋರಿಸಿದ್ರೆ ನಾನೇ ಆ ಕೊಳವೆ ಬೇರೆ ಕಡೆ ತಿರುಗಿಸ್ತಿದ್ದೆ," ಎಂದರಂತೆ. ಅದು ನಿಜವಿರಬಹುದು.

ಇನ್ನು ಕಿಟಕಿಯ ಸರದಿ. ಇಸ್ತ್ರಿ ಕೋಣೆಯನ್ನು ಮೇಲಕ್ಕೆ ಸಾಗಿಸಲು ಸಭೆ ಕರೆದರು. ಮಡಿಸುವವರ ಕೋಣೆಗೂ ಹೊಲಿಗೆ ಕೋಣೆಗೂ ನಡುವಿನ ಗೋಡೆ ಕೆಡವಿ ಎಲ್ಲವನ್ನೂ ಇಸ್ತ್ರಿಗೆ ಕೊಡುವುದು, ಹೊಲಿಗೆಯವರಿಗೆ ಕೆಳಗೆ ಎರಡು ಹೆಚ್ಚು ಬಲ್ಬು ಹಾಕಿಸುವುದು ಎಂದು ಯೋಜನೆ. ಹಿಂದಾಗಿದ್ದರೆ ಅಕ್ಕ ಸಭೆಯಲ್ಲಿ ಬಾಯಿ ತೆರೆಯಬೇಕಿರಲಿಲ್ಲ, ಗುಂಡಿಯೇ ಮಾತಾಡುತ್ತಿತ್ತು. ಈಗ ಅವರ ಕೈಯಲ್ಲಿ ಅದಿರಲಿಲ್ಲ. ಸಭೆಗೆ ಮುಂಚಿನ ಒಂದು ವಾರ ಅವರು ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದು ದಿನ ಒಂದೊಂದು ಕೋಣೆಯಲ್ಲಿ ಊಟಕ್ಕೆ ಕುಳಿತರು. ಒಗೆಯುವವರ ನಡುವೆ ಗಂಬೂಟು ಹಾಕಿಕೊಂಡು ಕುಳಿತಿದ್ದನ್ನು ನಾನೇ ನೋಡಿದ್ದೇನೆ. ಏನು ಮಾತಾಡಿದಿರಿ ಎಂದು ಕೇಳಿದರೆ, "ಅವರ ಮಕ್ಕಳ ಮದುವೆ ಮಾತು, ಮಂಡಿನೋವಿನ ಮಾತು. ಎದ್ದು ಬರುವಾಗ ಕಿಟಕಿ ಮಾತು," ಎಂದರು.

ಸಭೆಯ ದಿನ ಎದ್ದು ನಿಂತು ಅವರು ಆಡಿದ ಮಾತು ನಾಲ್ಕೇ ವಾಕ್ಯ.

"ಆರು ಕಿಟಕಿ ಇದೆ. ನಿಮಗೆ ಗಾಳಿ ಬೇಕು, ನಮಗೆ ಬೆಳಕು ಬೇಕು. ನಾಲ್ಕು ನೀವು ತಗೊಳ್ಳಿ, ತುದಿಯ ಎರಡು ನಮಗೆ ಬಿಡಿ. ಐದು ಜನ ಎಷ್ಟು ಜಾಗ ಹಿಡೀತೀವಿ?"

"ಹಬೆಗೆ ನಿಮ್ಮ ದಾರ ತೇವವಾದ್ರೆ ನಮ್ಮನ್ನ ಬೈಯಬಾರದು," ಎಂದು ಹಿಂದಿನಿಂದ ಯಾರೋ ಕೂಗಿದರು.

"ಬೈತೀನಿ. ಅದನ್ನ ಬಿಟ್ಟುಕೊಡೋದಿಲ್ಲ," ಎಂದರು ಅಕ್ಕ.

ಸಭೆ ನಕ್ಕಿತು. ಕನ್ನಡಕದಾಕೆ ಕನ್ನಡಕ ಒರೆಸಿಕೊಂಡು ಕೈಯೆತ್ತಲು ಹೇಳಿದರು. ಎಣಿಸಿದೆ, ಸಂಶಯ ಬಂದು ಇನ್ನೊಮ್ಮೆ ಎಣಿಸಿದೆ. ಎಂಬತ್ತೊಂದು. ಬೇಡವೆಂದವರೂ ಐವತ್ತಕ್ಕೆ ಮೇಲಿದ್ದರು, ಅವರಲ್ಲಿ ಕೆಲವರು ಗೊಣಗಿದರು. ಆದರೂ ತುದಿಯ ಎರಡು ಕಿಟಕಿಗಳು ಹೊಲಿಗೆಯವರಿಗೆ ಉಳಿದವು.

ತಾತ ಮೆಟ್ಟಿಲು ಹತ್ತುವಾಗ, "ಈ ಸಲ ಕೊಟ್ರು. ಮುಂದಿನ ಸಲ?" ಎಂದರು.

"ಮುಂದಿನ ಸಲ ಮತ್ತೆ ಕೇಳಬೇಕು," ಎಂದರು ಅಕ್ಕ. "ಕೂತಲ್ಲೇ ಸಿಗೋ ಕಾಲ ಮುಗೀತು ತಾತ. ಇನ್ನು ಮೇ ಜೂನ್ ಒಗೆಯೋರ ಹತ್ರ, ಜುಲೈನಲ್ಲಿ ವ್ಯಾನಿನೋರ ಹತ್ರ ಊಟ. ನೀವೂ ಬನ್ನಿ, ಮಂಡಿನೋವಿನ ಮಾತಿಗೆ ಜೊತೆ ಬೇಕು."

ಮುಂದಿನ ಎಂಟು ವರ್ಷ, ಕೆಲಸ ಬಿಡುವ ದಿನದವರೆಗೂ ಅವರು ಆ ತುದಿಯ ಕಿಟಕಿಯಲ್ಲಿಯೇ ಕುಳಿತು ಹೊಲಿದರು. ದಾರ ತೇವವಾಯಿತು, ಅವರು ಬೈದರು. ಸೊಸೆಯ ಮೇಜು ಅಲ್ಲಿಂದ ಹತ್ತು ಹೆಜ್ಜೆ. ಚಾದರ ಸುಡುವುದು ತಿಂಗಳಿಗೆ ಆರೇಳಕ್ಕಿಳಿಯಿತು. ಸುಟ್ಟಾಗ ಅದು ಕೈಯಿಂದ ಕೈಗೇ ಬರುತ್ತಿತ್ತು, ಎಲ್ಲರ ಎದುರಿಗೇ ಹಲಗೆಯ ಮೇಲೆ ಗೀಟು ಬೀಳುತ್ತಿತ್ತು.

ಆ ಸಭೆಯ ಸಂಜೆ ಅವರ ಮನೆಯಲ್ಲಿ ನಾನೂ ಇದ್ದೆ. ಅಕ್ಕ ಸೊಸೆಯನ್ನು ನೇರವಾಗಿಯೇ ಕೇಳಿದರು.

"ನಿಜ ಹೇಳು. ಕೈ ಎತ್ತಿದ್ಯಾ ಇಲ್ವಾ?"

"ಎತ್ತಿದೆ ಅತ್ತೆ. ಎರಡೂ ಎತ್ತಿಬಿಡೋಣ ಅಂತಿದ್ದೆ. ಮೇಷ್ಟ್ರು ಎಣಿಸ್ತಿದ್ರಲ್ಲ, ಹೆದರಿ ಒಂದನ್ನ ಇಳಿಸಿದೆ."

"ಒಳ್ಳೇದಾಯ್ತು," ಎಂದ ಮಗ, ತಟ್ಟೆ ಹಿಡಿದು ಬಾಲ್ಕನಿಯಿಂದ ಒಳಗೆ ಬರುತ್ತ. "ಈಗ ಮನೇಲಿ ಮೂವರೂ ಒಂದೇ ತೂಕ. ಇನ್ನು ನಾನು ಇಲ್ಲೇ ಕೂತು ಊಟ ಮಾಡಬಹುದಾ?"

"ಕೂತ್ಕೋ," ಎಂದು ಅಕ್ಕ ಅವನಿಗೆ ಜಾಗ ಮಾಡಿಕೊಟ್ಟರು.